ಬ್ರೌಸರ್‌ನಲ್ಲಿ ಓಡುವ ಗುರಿಯಾಟ: ಕಟ್ಟುವುದು ಹೇಗೆ?

ಪರದೆಯ ಕೆಳಗೆ ಆಟಗಾರ, ಮೇಲಿನಿಂದ ಇಳಿದು ಬರುವ ಎದುರಾಳಿಗಳು, ನಡುವೆ ಹಾರುವ ಗುಂಡು. ಆರ್ಕೇಡ್ ಮಾದರಿಯ ಶೂಟಿಂಗ್ ಆಟಗಳ ಮೂಲ ರೂಪ ಇಷ್ಟೇ. ಇಂಥ ಆಟವನ್ನು ಕಟ್ಟಲು ದುಬಾರಿ ತಂತ್ರಾಂಶವೇನೂ ಬೇಕಿಲ್ಲ. ಗಣಕಯಂತ್ರದಲ್ಲಿ ಮೊದಲೇ ಇರುವ ನೋಟ್‌ಪ್ಯಾಡ್ ಮತ್ತು ಒಂದು ಬ್ರೌಸರ್ ಸಾಕು. ಬೇಕಾಗುವ ಗಣಿತ ಹತ್ತನೆಯ ತರಗತಿಯ ಪಠ್ಯಪುಸ್ತಕದಲ್ಲಿಯೇ ಇದೆ. ಭಂಡಾರಕವಠೆ, ಅಕ್ಕಲಕೋಟೆ ಭಾಗದ ವಿದ್ಯಾರ್ಥಿಗಳು ಇದನ್ನು ಕನ್ನಡ, ಮರಾಠಿ ಎರಡರಲ್ಲೂ ಮಾಡಿಕೊಳ್ಳಬಹುದು.

ಹಿನ್ನೆಲೆ

1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ‘ಸ್ಪೇಸ್‌ವಾರ್’ ಎಂಬ ಆಟ ಸಿದ್ಧವಾಯಿತು. 1978ರಲ್ಲಿ ಜಪಾನಿನ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ ಇಡೀ ಜಗತ್ತಿಗೆ ಹಬ್ಬಿತು. ಅದರಲ್ಲಿ ಸಾಲಿಗೆ 11ರಂತೆ 5 ಸಾಲು, ಒಟ್ಟು 55 ಎದುರಾಳಿಗಳು. ಅವರ ಸಂಖ್ಯೆ ಕಡಿಮೆಯಾದಂತೆ ಉಳಿದವರ ವೇಗ ಹೆಚ್ಚುತ್ತಿತ್ತು. ಚಿತ್ರಿಸುವ ಹೊರೆ ಇಳಿದಾಗ ಆ ಕಾಲದ ಪ್ರೊಸೆಸರ್ ತಾನಾಗಿಯೇ ಚುರುಕಾಗುತ್ತಿದ್ದುದು ಇದಕ್ಕೆ ಕಾರಣ. ಯಂತ್ರದ ಈ ಮಿತಿಯೇ ಆಟದ ರೋಚಕತೆಯಾಯಿತು.

2000ದ ದಶಕದಲ್ಲಿ ಬ್ರೌಸರ್ ಆಟವೆಂದರೆ ಬಹುತೇಕ ಫ್ಲ್ಯಾಶ್ ಆಟವೇ ಆಗಿತ್ತು. ಆದರೆ ಫ್ಲ್ಯಾಶ್ ಒಂದು ಕಂಪನಿಯ ಸ್ವತ್ತು. 2005ರಲ್ಲಿ ಅದು ಮ್ಯಾಕ್ರೋಮೀಡಿಯಾದಿಂದ ಅಡೋಬಿ ಕೈಗೆ ಬಂತು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದರ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರ್ ಆಟಗಳನ್ನು ತಡೆಹಿಡಿಯಿತು. ಹೀಗೆ ಅಸಂಖ್ಯ ಆಟಗಳು ಒಮ್ಮೆಗೇ ಕಣ್ಮರೆಯಾದವು.

ಆದ್ದರಿಂದ ಈಗ ಆಟ ಕಟ್ಟುವವರು ಯಾರ ಸ್ವತ್ತೂ ಅಲ್ಲದ ಮುಕ್ತ ಮಾನಕಗಳನ್ನೇ ಬಳಸುವುದು ಒಳಿತು. ಪುಟಕ್ಕೆ ಎಚ್‌ಟಿಎಂಎಲ್, ಚಿತ್ರ ಬಿಡಿಸಲು ಅದರ ‘ಕ್ಯಾನ್ವಾಸ್’, ಆಜ್ಞೆ ಬರೆಯಲು ಜಾವಾಸ್ಕ್ರಿಪ್ಟ್. ಈ ಮೂರೂ ಎಲ್ಲ ಆಧುನಿಕ ಬ್ರೌಸರ್‌ಗಳಲ್ಲಿವೆ.

ಆಟದ ಕಥೆ

ಎದುರಾಳಿ ಎಂದರೆ ಆಕಾಶನೌಕೆಯೇ ಆಗಬೇಕೆಂದಿಲ್ಲ. ಸೊಲ್ಲಾಪುರ ಜಿಲ್ಲೆ ಹಿಂಗಾರಿ ಜೋಳದ ಸೀಮೆ. ಹೆಸರಾಂತ ಮಾಲದಂಡಿ ಎಂ 35-1 ತಳಿಯನ್ನು ಆಯ್ದು ತೆಗೆದದ್ದು ಇದೇ ಜಿಲ್ಲೆಯ ಮೋಹೋಳದಲ್ಲಿ. ಸೀತನಿ ಹೊತ್ತಿಗೆ, ಅಂದರೆ ಮರಾಠಿಯ ಹುರಡಾ ಕಾಲಕ್ಕೆ, ತೆನೆಗೆ ಹಕ್ಕಿ ಬೀಳುತ್ತವೆ. ಮಂಚಿಕೆಯ ಮೇಲೆ ನಿಂತು ಕವಣಿ ಬೀಸಿ ಹಕ್ಕಿ ಓಡಿಸುವುದು ಇಲ್ಲಿ ಹಳೆಯ ಕೆಲಸ. ಮರಾಠಿಯಲ್ಲಿ ಇದೇ ಗೋಫಣ.

ಇದನ್ನೇ ಆಟವಾಗಿ ತೆಗೆದುಕೊಳ್ಳೋಣ. ಕೆಳಗೆ ಮಂಚಿಕೆ, ಅದರ ಮೇಲೆ ಕವಣಿಗಾರ. ಮೇಲಿನಿಂದ ಗಿಳಿ, ಗುಬ್ಬಿ ಇಳಿಯುತ್ತವೆ. ಕಲ್ಲು ಹತ್ತಿರ ಹಾದುಹೋದರೆ ಹಕ್ಕಿ ಸಾಯುವುದಿಲ್ಲ, ಬೆದರಿ ಹಾರಿಹೋಗುತ್ತದೆ. ಕೆಳಗೆ ಮುಟ್ಟಿದ ಪ್ರತಿ ಹಕ್ಕಿಗೆ ಒಂದು ತೆನೆ ಹೋಗುತ್ತದೆ. ಹತ್ತು ತೆನೆ ಹೋದರೆ ಆಟ ಮುಗಿಯಿತು.

ಪರದೆಯ ಲೆಕ್ಕ

ಕ್ಯಾನ್ವಾಸ್ ಒಂದು ಗ್ರಾಫ್ ಹಾಳೆ ಇದ್ದಂತೆ. ಅಗಲ 400, ಎತ್ತರ 600 ಚುಕ್ಕೆ ಎಂದಿಟ್ಟುಕೊಳ್ಳೋಣ. ಶಾಲೆಯ ಗ್ರಾಫ್‌ಗೂ ಇದಕ್ಕೂ ಒಂದೇ ವ್ಯತ್ಯಾಸ. ಇಲ್ಲಿ ಸೊನ್ನೆ ಇರುವುದು ಮೇಲಿನ ಎಡ ಮೂಲೆಯಲ್ಲಿ. ಕೆಳಗೆ ಹೋದಂತೆ ಎರಡನೆಯ ಅಂಕಿ ಹೆಚ್ಚುತ್ತದೆ. ಹಾಗಾಗಿ ಹಕ್ಕಿ ಇಳಿಯಬೇಕಾದರೆ ಕೂಡಿಸಬೇಕು, ಕಲ್ಲು ಮೇಲೇರಬೇಕಾದರೆ ಕಳೆಯಬೇಕು.

ಪ್ರತಿ ಹಕ್ಕಿಗೂ ಪ್ರತಿ ಕಲ್ಲಿಗೂ ಮೂರು ವಿಷಯ ಗೊತ್ತಿರಬೇಕು: ಎಲ್ಲಿದೆ, ಎಷ್ಟು ವೇಗ, ಎಷ್ಟು ದೊಡ್ಡದು. ಹಕ್ಕಿಗಳದ್ದೊಂದು ಪಟ್ಟಿ, ಕಲ್ಲುಗಳದ್ದೊಂದು ಪಟ್ಟಿ ಮಾಡಿಟ್ಟರಾಯಿತು. ಪರದೆ ದಾಟಿದ ಕಲ್ಲನ್ನು ಪಟ್ಟಿಯಿಂದ ತೆಗೆದುಹಾಕಬೇಕು. ಇಲ್ಲವಾದರೆ ಪಟ್ಟಿ ಬೆಳೆಯುತ್ತಲೇ ಹೋಗಿ ಆಟ ಕುಂಟುತ್ತದೆ. ಪಟ್ಟಿಯನ್ನು ಕೊನೆಯಿಂದ ಮೊದಲಿಗೆ ನೋಡುತ್ತ ಬಂದರೆ, ಒಂದನ್ನು ತೆಗೆದಾಗ ಇನ್ನೊಂದು ತಪ್ಪಿಹೋಗುವುದಿಲ್ಲ.

ಆಟದ ಚಕ್ರ

ಎಲ್ಲ ಆಟಗಳ ಹೃದಯ ಒಂದು ಚಕ್ರ. ಅದು ಮೂರು ಕೆಲಸಗಳನ್ನು ಎಡೆಬಿಡದೆ ಮಾಡುತ್ತದೆ.

1. ಆಟಗಾರ ಯಾವ ಕೀಲಿ ಒತ್ತಿದ್ದಾನೆ ಅಥವಾ ಪರದೆಯ ಎಲ್ಲಿ ಮುಟ್ಟಿದ್ದಾನೆ ಎಂದು ನೋಡುವುದು.
2. ಎಲ್ಲ ಹಕ್ಕಿ, ಕಲ್ಲುಗಳನ್ನು ಸರಿಸಿ, ತಾಗಿದವೇ ಎಂದು ಪರೀಕ್ಷಿಸುವುದು.
3. ಹಳೆಯ ಚಿತ್ರ ಅಳಿಸಿ ಹೊಸದನ್ನು ಬಿಡಿಸುವುದು.

ಇದಕ್ಕೆ ಬ್ರೌಸರ್‌ನಲ್ಲಿ ‘ರಿಕ್ವೆಸ್ಟ್ ಅನಿಮೇಶನ್ ಫ್ರೇಮ್’ ಎಂಬ ಸೌಲಭ್ಯವಿದೆ. ಸಾಮಾನ್ಯ ಪರದೆಯಲ್ಲಿ ಇದು ಸೆಕೆಂಡಿಗೆ 60 ಬಾರಿ ನಡೆಯುತ್ತದೆ.

ಹೊಸಬರು ಎಡವುವುದು ಇಲ್ಲಿಯೇ. ಪ್ರತಿ ಸುತ್ತಿಗೆ 5 ಚುಕ್ಕೆ ಸರಿಸು ಎಂದು ಬರೆದರೆ, ಸೆಕೆಂಡಿಗೆ 60 ಸುತ್ತಿನ ಪರದೆಯಲ್ಲಿ ಕಲ್ಲು 300 ಚುಕ್ಕೆ ಸಾಗುತ್ತದೆ. ಅದೇ ಆಟ 120 ಸುತ್ತಿನ ಹೊಸ ಫೋನಿನಲ್ಲಿ 600 ಚುಕ್ಕೆ ಸಾಗಿ, ಎರಡು ಪಟ್ಟು ವೇಗವಾಗುತ್ತದೆ. ಪರಿಹಾರ ಸುಲಭ. ವೇಗವನ್ನು ಸೆಕೆಂಡಿನ ಲೆಕ್ಕದಲ್ಲಿಟ್ಟು, ಹಿಂದಿನ ಸುತ್ತಿನಿಂದ ಕಳೆದ ಸಮಯದಿಂದ ಗುಣಿಸಬೇಕು. ಆಗ ಹಳೆಯ ಫೋನಿನವನಿಗೂ ಹೊಸ ಫೋನಿನವನಿಗೂ ಆಟ ಒಂದೇ.

ಇನ್ನೊಂದು ಎಚ್ಚರ: ಆಟಗಾರ ಬೇರೆ ಪುಟಕ್ಕೆ ಹೋದರೆ ಚಕ್ರ ನಿಲ್ಲುತ್ತದೆ. ಮರಳಿ ಬಂದಾಗ ಕಳೆದ ಸಮಯ ಬಹಳ ದೊಡ್ಡದಾಗಿ, ಹಕ್ಕಿಗಳೆಲ್ಲ ಒಮ್ಮೆಗೇ ಕೆಳಗೆ ಬಿದ್ದಿರುತ್ತವೆ. ಒಂದು ಸುತ್ತಿನ ಸಮಯ 0.05 ಸೆಕೆಂಡ್ ಮೀರದಂತೆ ಮಿತಿ ಹಾಕಿದರೆ ಈ ತೊಂದರೆ ಇಲ್ಲ.

ಕಲ್ಲು ತಾಗಿತೇ?

ಹಕ್ಕಿ, ಕಲ್ಲು ಎರಡನ್ನೂ ವೃತ್ತ ಎಂದುಕೊಂಡರೆ ಲೆಕ್ಕ ಹಗುರ. ಎರಡು ಕೇಂದ್ರಗಳ ನಡುವಿನ ದೂರ ಎರಡೂ ತ್ರಿಜ್ಯಗಳ ಮೊತ್ತಕ್ಕಿಂತ ಕಡಿಮೆ ಇದ್ದರೆ ತಾಗಿದೆ ಎಂದರ್ಥ. ದೂರ ತಿಳಿಯಲು ಪೈಥಾಗೊರಸ್ ಪ್ರಮೇಯ.

ಉದಾಹರಣೆ: ಕಲ್ಲಿನ ತ್ರಿಜ್ಯ 8, ಹಕ್ಕಿಯದು 20, ಮೊತ್ತ 28. ಕಲ್ಲು (210, 300)ರಲ್ಲಿ, ಹಕ್ಕಿ (230, 315)ರಲ್ಲಿ ಇದೆ. ಅಡ್ಡ ಅಂತರ 20, ಉದ್ದ ಅಂತರ 15. ವರ್ಗಗಳು 400 ಮತ್ತು 225, ಕೂಡಿದರೆ 625. ಇತ್ತ 28ರ ವರ್ಗ 784. 625 ಚಿಕ್ಕದು, ಆದ್ದರಿಂದ ತಾಗಿದೆ. ವರ್ಗಗಳನ್ನೇ ಹೋಲಿಸಿದ್ದರಿಂದ ವರ್ಗಮೂಲ ತೆಗೆಯುವ ಕೆಲಸ ಉಳಿಯಿತು.

ಕಲ್ಲಿನ ವೇಗ ಅತಿಯಾದರೆ ಲೆಕ್ಕ ತಪ್ಪುತ್ತದೆ. ಸೆಕೆಂಡಿಗೆ 3600 ಚುಕ್ಕೆ ಎಂದರೆ ಒಂದು ಸುತ್ತಿಗೆ 60 ಚುಕ್ಕೆಯ ಜಿಗಿತ. ತಾಗುವ ಜಾಗದ ಅಗಲವೇ 56. ಹೀಗಾಗಿ ಕಲ್ಲು ಹಕ್ಕಿಯನ್ನು ಮುಟ್ಟದೇ ಆಚೆ ಹೋಗಬಹುದು. ಹಕ್ಕಿ ಕಲ್ಲಿನ ಸದ್ದಿಗೇ ಬೆದರಬೇಕೆಂದರೆ ಅದರ ವೃತ್ತವನ್ನು ಚಿತ್ರಕ್ಕಿಂತ ದೊಡ್ಡದು ಮಾಡಿದರೆ ಸಾಕು.

ಎರಡು ನುಡಿಯ ಆಟ

ನುಡಿ, ಬರಹದ ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಕನ್ನಡ, ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ಓದಲಾಗುತ್ತಿರಲಿಲ್ಲ. ಯುನಿಕೋಡ್‌ನಲ್ಲಿ ಆ ಕಷ್ಟವಿಲ್ಲ. ಕನ್ನಡ, ದೇವನಾಗರಿ ಎರಡೂ ಒಂದೇ ಕಡತದಲ್ಲಿ ಕೂರುತ್ತವೆ. ಕಡತವನ್ನು ಯುಟಿಎಫ್-8 ಎಂದು ಉಳಿಸಿ, ಪುಟದ ಮೊದಲಿಗೇ ಹಾಗೆಂದು ಘೋಷಿಸಬೇಕು.

ಪರದೆಯ ಮಾತುಗಳನ್ನು ಆಜ್ಞೆಗಳ ನಡುವೆ ಬರೆಯದೆ ಎರಡು ಪ್ರತ್ಯೇಕ ಪಟ್ಟಿಗಳಲ್ಲಿ ಇಡುವುದು ಒಳ್ಳೆಯ ಪದ್ಧತಿ. ಒಂದರಲ್ಲಿ ‘ಅಂಕ’, ‘ಆಟ ಮುಗಿಯಿತು’. ಇನ್ನೊಂದರಲ್ಲಿ ‘ಗುಣ’, ‘ಖೇಳ ಸಂಪಲಾ’. ಕನ್ನಡದ ಗುಣ ಬೇರೆ, ಮರಾಠಿಯ ಗುಣ ಬೇರೆ ಎಂಬುದು ಗಡಿಯವರಿಗೆ ಹೇಳಿಕೊಡಬೇಕಾದ್ದಲ್ಲ. ಒಂದು ಗುಂಡಿ ಒತ್ತಿದರೆ ಪಟ್ಟಿ ಬದಲಾಗುವಂತೆ ಮಾಡಬಹುದು.

ಜಾವಾಸ್ಕ್ರಿಪ್ಟ್‌ನ ಮೂಲ ಆಜ್ಞೆಗಳು ಇಂಗ್ಲಿಷಿನಲ್ಲಿವೆ, ನಿಜ. ಆದರೆ ಆಟಕ್ಕೆ ಬೇಕಾಗುವಂಥವು ಕೆಲವೇ. ಉಳಿದ ಹೆಸರುಗಳನ್ನು ‘ಹಕ್ಕಿ’, ‘ಕಲ್ಲು’, ‘ವೇಗ’ ಎಂದು ಕನ್ನಡದಲ್ಲಿಯೇ ಇಡಬಹುದು, ಬ್ರೌಸರ್ ಒಪ್ಪಿಕೊಳ್ಳುತ್ತದೆ. ಮಕ್ಕಳು ಕನ್ನಡದಲ್ಲಿಯೇ ಪ್ರೋಗ್ರಾಮ್ ಬರೆಯಲೆಂದು ಡಾ. ಯು. ಬಿ. ಪವನಜ ರೂಪಿಸಿದ ‘ಕನ್ನಡ ಲೋಗೋ’ಗೆ 2006ರಲ್ಲಿ ಮಂಥನ್ ಪ್ರಶಸ್ತಿ ಸಂದಿತ್ತು. ಮಹಾರಾಷ್ಟ್ರದ ಬಾಲಭಾರತಿ ಗಣಿತ ಪುಸ್ತಕಗಳನ್ನು ಕನ್ನಡದಲ್ಲಿಯೂ ಮುದ್ರಿಸುತ್ತದೆ. ಹತ್ತನೆಯ ತರಗತಿಯಲ್ಲಿ ಪೈಥಾಗೊರಸ್ ಪ್ರಮೇಯ, ನಿರ್ದೇಶಾಂಕ ರೇಖಾಗಣಿತ ಎರಡೂ ಪಾಠಗಳಿವೆ. ಇಂಗ್ಲಿಷ್ ಬಾರದೆಂದು ಈ ವಿದ್ಯೆಯಿಂದ ದೂರ ನಿಲ್ಲುವ ಕಾರಣವಿಲ್ಲ.

ಕೆಲಸದ ಕ್ರಮ

ಮೊದಲ ದಿನವೇ ಚಂದದ ಚಿತ್ರಕ್ಕೆ ಕೈಹಾಕಬಾರದು. ಹಕ್ಕಿಗೆ ಹಸಿರು ವೃತ್ತ, ಕಲ್ಲಿಗೆ ಕಪ್ಪು ವೃತ್ತ ಸಾಕು. ಮೊದಲು ಕವಣಿಗಾರ ಎಡಬಲ ಸರಿಯಲಿ, ಆಮೇಲೆ ಕಲ್ಲು ಹಾರಲಿ, ಆಮೇಲೆ ಹಕ್ಕಿ ಇಳಿಯಲಿ, ಕೊನೆಗೆ ತಾಗುವ ಲೆಕ್ಕ. ಒಂದೊಂದು ಹಂತಕ್ಕೂ ಓಡಿಸಿ ನೋಡಬೇಕು. ಸದ್ದು ಸೇರಿಸುವಾಗ, ಆಟಗಾರ ಒಮ್ಮೆ ಪರದೆ ಮುಟ್ಟುವವರೆಗೆ ಫೋನಿನ ಬ್ರೌಸರ್‌ಗಳು ಸದ್ದು ಹೊರಡಿಸುವುದಿಲ್ಲ ಎಂಬುದು ನೆನಪಿರಲಿ.

ಹೀಗೆ ಸಿದ್ಧವಾದ ಆಟ, ಚಿತ್ರಗಳಿಲ್ಲದಿದ್ದರೆ, ಕೆಲವೇ ಕಿಲೋಬೈಟ್‌ಗಳ ಒಂದು ಕಡತ. ಅಂತರಜಾಲ ಇಲ್ಲದಾಗಲೂ ಓಡುತ್ತದೆ. ಪೆನ್‌ಡ್ರೈವ್‌ನಲ್ಲಿ ಹಾಕಿ ಶಾಲೆಯ ಗಣಕಯಂತ್ರಕ್ಕೆ ಒಯ್ಯಬಹುದು. ಕಡತ ತೆರೆದರೆ ಒಳಗಿನ ಬರಹವೆಲ್ಲ ಕಾಣುವುದರಿಂದ, ಒಬ್ಬರು ಕಟ್ಟಿದ್ದನ್ನು ನೋಡಿ ಇನ್ನೊಬ್ಬರು ಕಲಿಯಬಹುದು, ಬೇಕೆನಿಸಿದ್ದನ್ನು ತಿದ್ದಿ ಮುಂದುವರಿಸಬಹುದು.