ಹಾಲುಕ್ಕಿಸಿದ ಕಾದಂಬರಿಗಳು

ನಮ್ಮಮ್ಮ ಉಕ್ಕಿಸಿದ ಹಾಲಿಗೆ ಲೆಕ್ಕ ಇಟ್ಟವರಿಲ್ಲ. ಒಲೆಯ ಮೇಲೆ ಹಾಲಿನ ಪಾತ್ರೆ, ಕೈಯಲ್ಲಿ ತ್ರಿವೇಣಿಯವರದೋ ಎಂ.ಕೆ. ಇಂದಿರಾ ಅವರದೋ ಒಂದು ಕಾದಂಬರಿ. ಸೀದ ವಾಸನೆ ಪಡಸಾಲೆಗೆ ಬಂದಾಗ ಅಜ್ಜಿ, "ಏನೇ, ಇವತ್ತು ಯಾರ ಮದುವೆ ನಿಂತು ಹೋಯಿತು?" ಎಂದು ಕೂಗುತ್ತಿದ್ದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಪಾತ್ರೆ ಇಳಿಸುತ್ತಿದ್ದಳು. ಅದು ಹೊಗೆಗೆ ಬಂದ ನೀರೋ ಕಥೆಗೆ ಬಂದ ನೀರೋ ಹೇಳುವಂತಿರಲಿಲ್ಲ.

ಚನ್ನಪಟ್ಟಣದ ಪೇಟೆಬೀದಿಯಲ್ಲಿ ಒಂದು ಬಾಡಿಗೆ ಪುಸ್ತಕದ ಅಂಗಡಿಯಿತ್ತು. ದಿನಕ್ಕೆ ನಾಲ್ಕಾಣೆ. ತರುವ, ಕೊಡುವ ಕೆಲಸ ನನ್ನದು. ಅಮ್ಮ ಓದಿದ್ದು ಏಳನೆಯ ತರಗತಿ. ಮನೆಯಲ್ಲಿ ಅವಳದೇ ಎನ್ನಬಹುದಾದ ಹೊತ್ತು ಎಂದರೆ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲಿನ ಒಂದು ಗಂಟೆ, ಅಷ್ಟೆ. ಆ ಒಂದು ಗಂಟೆಯನ್ನು ಅವಳು ಕಾದಂಬರಿಗೆ ಕೊಟ್ಟಿದ್ದಳು.

ಇಂಥ ಓದಿಗೆ ನಮ್ಮಲ್ಲಿ ಒಂದು ಶತಮಾನಕ್ಕೂ ಮೀರಿದ ವಯಸ್ಸಾಗಿದೆ. ಬಿ. ವೆಂಕಟಾಚಾರ್ಯರು 1885ರಲ್ಲಿ ಬಂಕಿಮಚಂದ್ರರ 'ದುರ್ಗೇಶನಂದಿನಿ'ಯನ್ನು ಕನ್ನಡಕ್ಕೆ ತಂದರು. ಕೋಟೆ, ಕುದುರೆ, ಯುದ್ಧ, ಅವುಗಳ ನಡುವೆ ಒಂದು ಪ್ರೇಮ. ಗಳಗನಾಥರು ಚಾರಿತ್ರಿಕ ಕಾದಂಬರಿಗಳನ್ನು ಬರೆದದ್ದಲ್ಲದೆ ಊರೂರಿಗೆ ಹೊತ್ತು ಮಾರಿದರು. 1913ರಲ್ಲಿ ನಂಜನಗೂಡಿನ ತಿರುಮಲಾಂಬ, ಎಳೆಯ ವಯಸ್ಸಿನಲ್ಲೇ ವಿಧವೆಯಾಗಿದ್ದ ಆಕೆ, 'ಸುಶೀಲೆ'ಯನ್ನು ಪ್ರಕಟಿಸಿದರು. ಹೆಂಗಸರು ಓದಲೆಂದು ಹೆಂಗಸೇ ಬರೆದ ಪುಸ್ತಕ. ಆಮೇಲೆ ತ್ರಿವೇಣಿ, ವಾಣಿ, ಇಂದಿರಾ. ಅವರ ಹಿಂದೆ ಸಾಯಿಸುತೆ, ಉಷಾ ನವರತ್ನರಾಮ್, ಎಚ್.ಜಿ. ರಾಧಾದೇವಿ. ಉಷಾ ಅವರ 'ಬಂಧನ' 1984ರಲ್ಲಿ ಸಿನಿಮಾ ಆಗಿ ಬಂದಾಗ ನಾನು ಹೈಸ್ಕೂಲು. ಅಮ್ಮ ಟಾಕೀಸಿನಿಂದ ಬಂದು, "ಪುಸ್ತಕದಲ್ಲಿ ಇನ್ನೂ ಚೆನ್ನಾಗಿತ್ತು" ಎಂದಳು. ಅದು ವಿಮರ್ಶೆ ಎಂದು ಆಗ ನನಗೆ ಹೊಳೆಯಲಿಲ್ಲ. ವಿಮರ್ಶಕರೆನಿಸಿಕೊಂಡವರು ಇವೆಲ್ಲವನ್ನೂ 'ಅಡುಗೆಮನೆ ಸಾಹಿತ್ಯ' ಎಂದು ಪಕ್ಕಕ್ಕಿಡುತ್ತಿದ್ದರು.

ನಾನೂ ಹಾಗೆಯೇ ಮಾಡಿದೆ. ಬಿ.ಎ., ಬಿ.ಎಡ್. ಮುಗಿಸಿ ಮೇಡಂ ಆದ ಮೇಲೆ ಅಡುಗೆಮನೆಯ ಕಡೆ ತಿರುಗಿ ನೋಡುವುದು ಗೌರವಕ್ಕೆ ಕಡಿಮೆ ಅನ್ನಿಸಿತ್ತು. 1998ರ ಸುಮಾರಿನಲ್ಲಿ ಕನಕಪುರದ ಕಡೆಯ ಒಂದು ಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಗೆ ನಾಲ್ಕನೆಯ ಮೈಸೂರು ಯುದ್ಧದ ನೋಟ್ಸು ಬರೆಸುತ್ತಿದ್ದೆ. ಕಾರಣಗಳು, ಘಟನೆಗಳು, ಪರಿಣಾಮಗಳು. ಕೊನೆಯ ಬೆಂಚಿನ ಹುಡುಗಿಯೊಬ್ಬಳ ಪೆನ್ನು ಓಡುತ್ತಿರಲಿಲ್ಲ. ಹೋಗಿ ನೋಡಿದರೆ ಸಮಾಜ ಪುಸ್ತಕದೊಳಗೆ ಒಂದು ಕಾದಂಬರಿ. ಕಿತ್ತುಕೊಂಡು, ಎಲ್ಲರೆದುರು ಅದರ ಹೆಸರು ಓದಿ ಹೇಳಿ ತರಗತಿಯನ್ನು ನಗಿಸಿದೆ. ಸಂಜೆ ಅದನ್ನು ಮನೆಗೆ ಒಯ್ದೆ. ಹೇಳಲು ನಾಚಿಕೆ, ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿದ್ದು ಓದಿ ಮುಗಿಸಿದೆ.

ಮರುದಿನ ಹುಡುಗಿ ಬರಲಿಲ್ಲ. ಅದರ ಮರುದಿನ ಅವಳ ತಾಯಿ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. "ಆ ಬುಕ್ಕು ನಂಗೇಂತ ತಂದಿದ್ದು ಮೇಡಮ್ಮೋರೆ. ನಂಗೆ ಅಕ್ಸರ ಬರಾಕಿಲ್ಲ. ರಾತ್ರಿ ಹುಳಕ್ಕೆ ಸೊಪ್ಪು ಹಾಕೋವಾಗ ಅವಳು ಓದ್ತಾಳೆ, ನಾನು ಕೇಳ್ತೀನಿ. ಬೈಯೋದಾದ್ರೆ ನಂಗೆ ಬೈರಿ." ರೇಷ್ಮೆ ಹುಳ ಹಣ್ಣಾಗುವ ಮುಂಚಿನ ದಿನಗಳಲ್ಲಿ ಹಗಲು ರಾತ್ರಿ ಸೊಪ್ಪು ಬೇಕು. ನಿದ್ದೆಗೆಡುವ ಆ ಮನೆಯಲ್ಲಿ ತಾಯಿ ಮಗಳಿಗೆ ಜೊತೆಯಾಗಿದ್ದ ಪುಸ್ತಕ ಅದು. ನಾನು ಮಾತಿಲ್ಲದೆ ಬೀರುವಿನಿಂದ ತೆಗೆದುಕೊಟ್ಟೆ. ಆಕೆ ಹೊರಟವಳು ತಿರುಗಿ, "ಆ ಹೆಣ್ಣು ಕೊನೆಗೆ ಯಾರ್ನ ಮದ್ವೆ ಆಯ್ತಳೆ?" ಎಂದು ಕೇಳಿದಳು. ನಾನು ಓದಿಲ್ಲವೆಂದು ಸುಳ್ಳು ಹೇಳಿದೆ. ಹುಡುಗಿ ಮತ್ತೆ ಶಾಲೆಗೆ ಬಂದಳು. ಆದರೆ ನನ್ನ ಮುಖ ನೋಡಿ ನಗಲಿಲ್ಲ.

ಈಚೆಗೆ ತಂಗಿಯ ಮಗಳು ರಜೆಗೆ ಬಂದವಳು ಒಂದು ಇಂಗ್ಲಿಷ್ ಕಾದಂಬರಿ ಬಿಟ್ಟುಹೋದಳು. 'ರೀಜೆನ್ಸಿ ರೊಮಾನ್ಸ್ ದೊಡ್ಡಮ್ಮ, ಟೈಂಪಾಸ್' ಎಂದಳು. ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆಗೆ ಚಿತ್ತಸ್ವಾಸ್ಥ್ಯ ತಪ್ಪಿ, 1811ರಿಂದ 1820ರವರೆಗೆ ಮಗ ರಾಜ್ಯಭಾರ ಮಾಡಿದ ಕಾಲಕ್ಕೆ ರೀಜೆನ್ಸಿ ಎಂದು ಹೆಸರು. ಆ ಕಾಲದ ನೃತ್ಯಕೂಟ, ಸಾರೋಟು, ವರಾನ್ವೇಷಣೆಗಳನ್ನಿಟ್ಟು ಜಾರ್ಜೆಟ್ ಹೇಯರ್ ಎಂಬ ಲೇಖಕಿ ಬರೆದ ಕಥೆಗಳು ಇಂದಿಗೂ ಓದಿಸಿಕೊಳ್ಳುತ್ತವೆ. ನನಗೆ ಸಿಕ್ಕಿದ್ದು ಆಕೆಯ 1937ರ 'ಆ್ಯನ್ ಇನ್‌ಫೇಮಸ್ ಆರ್ಮಿ'. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದತೊಡಗಿದೆ. ವಾಟರ್ಲೂ ಯುದ್ಧದ ಹಿಂದುಮುಂದಿನ ಪ್ರೇಮಕಥೆ. ಅದರಲ್ಲಿ ವೆಲಿಂಗ್ಟನ್ ಡ್ಯೂಕ್ ಪಾತ್ರವಾಗಿ ಬಂದಾಗ ನಾನು ಎದ್ದು ಕುಳಿತೆ. ಈತನನ್ನು ನಾನು ಬಲ್ಲೆನಲ್ಲ!

ಈತ ಆರ್ಥರ್ ವೆಲ್ಲೆಸ್ಲಿ. 1799ರ ಮಾರ್ಚಿನಲ್ಲಿ ಇಂಗ್ಲಿಷರ ಸೈನ್ಯದೊಡನೆ ನಮ್ಮ ಕನಕಪುರದ ಹಾದಿಯಲ್ಲೇ ಮಳವಳ್ಳಿಗೆ ಸಾಗಿದವನು. ಶತ್ರುವಿಗೆ ಆಸರೆಯಾಗಬಾರದೆಂದು ಟಿಪ್ಪು ಈ ಊರನ್ನು ಎರಡು ಬಾರಿ ಸುಡಿಸಿದನೆಂದು ಹಳೆಯ ಗೆಜೆಟಿಯರಿನಲ್ಲಿದೆ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ ಅವರ ಪರವಾಗಿ ಪೂರ್ಣಯ್ಯ ಆಳಿದರು. ಲಂಡನ್ನಿನಲ್ಲಿ ರೀಜೆನ್ಸಿ ಶುರುವಾಗುವ ಹೊತ್ತಿಗೆ ಇಲ್ಲಿಯದು ಮುಗಿಯುತ್ತ ಬಂದಿತ್ತು. ಆಗಿನ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಲ್ಲೇ ನಮ್ಮ ರಾಮನಗರ ಬಹುಕಾಲ ಕ್ಲೋಸ್‌ಪೇಟೆಯಾಗಿತ್ತು. ನೃತ್ಯಕೂಟದ ರೇಷ್ಮೆ, ದೀಪಗಳ ಹಿಂದೆ ನಮ್ಮ ಸುಟ್ಟ ಊರೊಂದಿದೆ. ಆ ಕಾದಂಬರಿ ಅದನ್ನು ಹೇಳುವುದಿಲ್ಲ. ಆದರೆ ಅದನ್ನು ಓದದಿದ್ದರೆ ನಾನು ಹುಡುಕುತ್ತಲೂ ಇರಲಿಲ್ಲ.

ಆಗ ನೆನಪಾದದ್ದು ಆ ತರಗತಿ. ಅದೇ ಯುದ್ಧದ ಪಾಠ, ಅದೇ ಕನಕಪುರ. ಕಿಟಕಿಯಾಚೆ ಸೈನ್ಯ ನಡೆದ ನೆಲವಿತ್ತು. ನಾನು ಹುಡುಗಿಯರಿಗೆ ಒಂದು, ಎರಡು, ಮೂರು ಎಂದು ಕಾರಣ ಬರೆಸುತ್ತಿದ್ದೆ. ಪಾಠವನ್ನು ಕಥೆಯಾಗಿಸಲು ಬಾರದ ನಾನು, ಕಥೆ ಓದುತ್ತಿದ್ದವಳನ್ನು ಶಿಕ್ಷಿಸಿದ್ದೆ.

ಈಗ ಪಾಠದ ನಡುವೆ ಕಾದಂಬರಿ ಕಂಡರೆ ಮುಚ್ಚಿಡಲು ಹೇಳುತ್ತೇನೆ, ಕಿತ್ತುಕೊಳ್ಳುವುದಿಲ್ಲ. ಗಂಟೆ ಹೊಡೆದ ಮೇಲೆ ಕರೆದು, "ಈ ಕಥೆ ಯಾವ ಊರಿನದು, ಯಾವ ಕಾಲದ್ದು?" ಎಂದು ವಿಚಾರಿಸುತ್ತೇನೆ. ಆದರೆ ಆ ತಾಯಿಯ ಪ್ರಶ್ನೆಗೆ ಬಾಕಿ ಉಳಿದ ಉತ್ತರ ನನ್ನ ಬಳಿಯೇ ಇದೆ. ಆ ಹೆಣ್ಣು ಕೊನೆಗೆ ತನಗೆ ಬೇಕಾದವನನ್ನೇ ಮದುವೆಯಾದಳು. ಅಂದು ಅಷ್ಟು ಹೇಳಲು ನನಗೇನು ಕಷ್ಟವಿತ್ತು?