ಮಯೋಸ್ಟ್ಯಾಟಿನ್ ತಡೆ: ಮುಪ್ಪಿನ ಸ್ನಾಯುವಿನ ಮೇಲೆ ಪ್ರಾಣಿಪ್ರಯೋಗಗಳು

ಮಯೋಸ್ಟ್ಯಾಟಿನ್ ಎಂಬುದು ಸ್ನಾಯು ತಾನೇ ತಯಾರಿಸಿ ತನ್ನ ಬೆಳವಣಿಗೆಗೆ ಹಾಕಿಕೊಳ್ಳುವ ಕಡಿವಾಣ. ರಕ್ತದಲ್ಲಿ ಸಂಚರಿಸುವ ಈ ಪ್ರೋಟೀನನ್ನು ತಡೆದರೆ ಸ್ನಾಯು ದಪ್ಪವಾಗುತ್ತದೆ. ಮುಪ್ಪಿನಲ್ಲಿ ಸ್ನಾಯು ಸವೆದು ಬಲ ಕುಂದುವ ಸ್ಥಿತಿಗೆ, ಅಂದರೆ ಸಾರ್ಕೊಪೀನಿಯಾಕ್ಕೆ, ಇದರಿಂದ ಮದ್ದು ದೊರೆತೀತೆಂಬ ನಿರೀಕ್ಷೆಯಲ್ಲಿ ಇಲಿಗಳ ಮೇಲೂ ಮಂಗಗಳ ಮೇಲೂ ಅನೇಕ ಪ್ರಯೋಗಗಳು ನಡೆದಿವೆ. ಸ್ನಾಯುವಿನ ತೂಕ ಹೆಚ್ಚುವುದು ಬಹುಮಟ್ಟಿಗೆ ನಿರ್ವಿವಾದ. ಹೆಚ್ಚಿದ ತೂಕಕ್ಕೆ ತಕ್ಕ ಬಲವೂ ಬರುತ್ತದೆಯೇ ಎಂಬುದರಲ್ಲಿ ಮಾತ್ರ ಫಲಿತಾಂಶಗಳು ಒಂದೇ ಬಗೆಯಾಗಿಲ್ಲ.

ಶೋಧದ ಹಿನ್ನೆಲೆ

1997ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಅಲೆಕ್ಸಾಂಡ್ರಾ ಮೆಕ್‌ಫೆರಾನ್, ಆನ್ ಲಾಲರ್ ಮತ್ತು ಸೆ-ಜಿನ್ ಲೀ ಈ ಪ್ರೋಟೀನಿನ ಜೀನನ್ನು ಇಲಿಗಳಲ್ಲಿ ನಿಷ್ಕ್ರಿಯಗೊಳಿಸಿದರು. ಆ ಇಲಿಗಳ ಒಂದೊಂದು ಸ್ನಾಯುವೂ ಸಾಮಾನ್ಯ ಇಲಿಯದಕ್ಕಿಂತ ಎರಡು ಮೂರು ಪಟ್ಟು ತೂಗುತ್ತಿತ್ತು; ತಂತುಗಳ ಸಂಖ್ಯೆಯೂ ಹೆಚ್ಚಿತ್ತು, ಗಾತ್ರವೂ ಹೆಚ್ಚಿತ್ತು. ಮೈತುಂಬ ಉಬ್ಬಿದ ಸ್ನಾಯುಗಳಿಗೆ ಹೆಸರಾದ ಬೆಲ್ಜಿಯನ್ ಬ್ಲೂ ದನಗಳಲ್ಲಿ ಇದೇ ಜೀನಿನ 11 ನ್ಯೂಕ್ಲಿಯೊಟೈಡುಗಳು ಉದುರಿಹೋಗಿರುವುದು ಅದೇ ವರ್ಷ ತಿಳಿದುಬಂತು. ತಳಿಗಾರರು ಮಾಂಸಕ್ಕಾಗಿ ತಲೆಮಾರುಗಳಿಂದ ಆರಿಸುತ್ತ ಬಂದದ್ದು ಈ ದೋಷವನ್ನೇ. 2004ರಲ್ಲಿ ಜರ್ಮನಿಯ ಒಂದು ಮಗುವಿನಲ್ಲೂ, 2007ರಲ್ಲಿ ವಿಪ್ಪೆಟ್ ತಳಿಯ ಓಟದ ನಾಯಿಗಳಲ್ಲೂ ಮಯೋಸ್ಟ್ಯಾಟಿನ್ ಜೀನಿನ ದೋಷಗಳು ವರದಿಯಾದವು.

ಹುಟ್ಟಿನಿಂದಲೇ ಜೀನು ಇಲ್ಲದಿರುವುದು ಬೇರೆ, ಬೆಳೆದ ಪ್ರಾಣಿಯಲ್ಲಿ ಪ್ರೋಟೀನನ್ನು ತಡೆಯುವುದು ಬೇರೆ. ಚಿಕಿತ್ಸೆಯ ದೃಷ್ಟಿಯಿಂದ ಮುಖ್ಯವಾದುದು ಎರಡನೆಯದು. ಪ್ರತಿಕಾಯವೊಂದನ್ನು ಚುಚ್ಚಿ ವಯಸ್ಕ ಇಲಿಗಳ ಸ್ನಾಯುವನ್ನೂ ಹಿಡಿತದ ಬಲವನ್ನೂ ಹೆಚ್ಚಿಸಬಹುದೆಂದು 2003ರಲ್ಲಿ ತೋರಿಸಲಾಯಿತು. ಬೆಳೆದ ಪ್ರಾಣಿಯಲ್ಲಿ ಹೆಚ್ಚುವುದು ಮುಖ್ಯವಾಗಿ ಇರುವ ತಂತುಗಳ ಗಾತ್ರ, ಸಂಖ್ಯೆಯಲ್ಲ.

ಬಲವನ್ನು ಅಳೆಯುವ ಬಗೆ

ಈ ಕ್ಷೇತ್ರದ ವರದಿಗಳನ್ನು ತೂಗಿನೋಡಲು ಅಳತೆಯ ವಿಧಾನ ತಿಳಿದಿರಬೇಕು. ಅತ್ಯಂತ ಸುಲಭವಾದದ್ದು ಹಿಡಿತದ ಪರೀಕ್ಷೆ. ಇಲಿ ಮುಂಗಾಲುಗಳಿಂದ ಸರಳನ್ನು ಹಿಡಿದಾಗ ಅದರ ಬಾಲ ಹಿಡಿದು ಮೆಲ್ಲನೆ ಹಿಂದಕ್ಕೆಳೆದು, ಕೈಬಿಡುವ ಕ್ಷಣದ ಬಲವನ್ನು ಯಂತ್ರದಲ್ಲಿ ಓದುತ್ತಾರೆ. ಎಳೆಯುವವರ ಕೈ ಬದಲಾದರೆ ಅಂಕಿಯೂ ಬದಲಾಗುತ್ತದೆ. ಟ್ರೆಡ್‌ಮಿಲ್ ಓಟದಲ್ಲಿ ಸ್ನಾಯುವಿನ ಜೊತೆಗೆ ಹೃದಯ, ಶ್ವಾಸಕೋಶಗಳ ಶಕ್ತಿಯೂ, ಪಟ್ಟಿಯ ತುದಿಯಲ್ಲಿ ಕಾದಿರುವ ಲಘು ವಿದ್ಯುದಾಘಾತಕ್ಕೆ ಇಲಿ ಎಷ್ಟು ಅಂಜುತ್ತದೆ ಎಂಬುದೂ ಬೆರೆತಿರುತ್ತವೆ.

ಹೆಚ್ಚು ನಂಬಬಹುದಾದದ್ದು ಸ್ನಾಯುವನ್ನೇ ಬಿಡಿಸಿ ತೆಗೆದು ಅಳೆಯುವ ವಿಧಾನ. ಇಲಿಯ ಹಿಂಗಾಲಿನ ಇಡಿಎಲ್ ಮತ್ತು ಸೋಲಿಯಸ್ ಸ್ನಾಯುಗಳು ಇದಕ್ಕೆ ಒಗ್ಗುತ್ತವೆ. ಆಮ್ಲಜನಕ ಒಳಗಿನವರೆಗೂ ಇಳಿಯುವಷ್ಟು ತೆಳ್ಳಗಿರುವುದು ಅವುಗಳ ಅನುಕೂಲ. ಎರಡೂ ತುದಿಗಳ ಸ್ನಾಯುರಜ್ಜುಗಳಿಗೆ ದಾರ ಕಟ್ಟಿ, ಆಮ್ಲಜನಕ ಹಾಯಿಸಿದ ಲವಣದ್ರಾವಣದಲ್ಲಿ ತೂಗುಬಿಟ್ಟು, ಗರಿಷ್ಠ ಬಲ ಬರುವ ಉದ್ದಕ್ಕೆ ಹಿಗ್ಗಿಸಿ, ವಿದ್ಯುತ್ ಮಿಡಿತಗಳಿಂದ ಸಂಕೋಚಿಸುತ್ತಾರೆ. ಸಿಕ್ಕಿದ ಬಲವನ್ನು ಅಡ್ಡಛೇದದ ವಿಸ್ತೀರ್ಣದಿಂದ ಭಾಗಿಸಿದರೆ ವಿಶಿಷ್ಟ ಬಲ ದೊರೆಯುತ್ತದೆ. ವಿಸ್ತೀರ್ಣವನ್ನು ನೇರವಾಗಿ ಅಳೆಯುವುದಿಲ್ಲ, ಸ್ನಾಯುವಿನ ತೂಕವನ್ನು ತಂತುವಿನ ಉದ್ದ ಮತ್ತು ಸಾಂದ್ರತೆಯ (ಘನ ಸೆಂ.ಮೀ.ಗೆ 1.06 ಗ್ರಾಂ) ಗುಣಲಬ್ಧದಿಂದ ಭಾಗಿಸಿ ಪಡೆಯುತ್ತಾರೆ. ತಂತುವಿನ ಉದ್ದ ಇಡೀ ಸ್ನಾಯುವಿನ ಉದ್ದಕ್ಕಿಂತ ಕಡಿಮೆ. ಇಡಿಎಲ್‌ನಲ್ಲಂತೂ ಅರ್ಧಕ್ಕೂ ಕಡಿಮೆ. ಈ ತಿದ್ದುಪಡಿ ಬಿಟ್ಟುಹೋದರೆ ಇಡೀ ಕೋಷ್ಟಕವೇ ತಪ್ಪುತ್ತದೆ.

ಮಿಶಿಗನ್ ವಿಶ್ವವಿದ್ಯಾಲಯದ ಸೂಸನ್ ಬ್ರೂಕ್ಸ್ ಮತ್ತು ಜಾನ್ ಫಾಕ್ನರ್ 1988ರಲ್ಲಿ ಹೀಗೆ ಅಳೆದು, ಮುದಿ ಇಲಿಗಳ ವಿಶಿಷ್ಟ ಬಲವೇ ಸುಮಾರು ಐದನೇ ಒಂದರಷ್ಟು ಕುಸಿದಿರುತ್ತದೆ ಎಂದು ಕಂಡುಕೊಂಡರು. ಅಂದರೆ ಮುಪ್ಪಿನಲ್ಲಿ ಸ್ನಾಯು ಸಣ್ಣದಾಗುವುದಷ್ಟೇ ಅಲ್ಲ, ಉಳಿದ ಸ್ನಾಯುವಿನ ಗುಣವೂ ತಗ್ಗುತ್ತದೆ. ಮಯೋಸ್ಟ್ಯಾಟಿನ್ ತಡೆಯ ಫಲಿತಾಂಶಗಳನ್ನು ತೂಗುವಾಗಲೂ ಇದನ್ನು ನೆನಪಿಡಬೇಕು.

ಪ್ರಾಣಿಗಳಲ್ಲಿ ಕಂಡ ಫಲಿತಾಂಶಗಳು

ಸಿ57ಬಿಎಲ್/6 ತಳಿಯ ಇಲಿ ಸರಾಸರಿ 28 ತಿಂಗಳ ಆಸುಪಾಸಿನವರೆಗೆ ಬದುಕುತ್ತದೆ. 24 ತಿಂಗಳ ಇಲಿಯನ್ನು ಸ್ಥೂಲವಾಗಿ 70ರ ಮನುಷ್ಯನಿಗೆ ಸಮವೆಂದು ಹಿಡಿಯುವುದು ವಾಡಿಕೆ. ಅಂಥ ಮುದಿ ಇಲಿಗಳಿಗೆ ನಾಲ್ಕು ವಾರ ಪಿಎಫ್-354 ಎಂಬ ಪ್ರತಿಕಾಯ ಕೊಟ್ಟಾಗ ಸ್ನಾಯುವೂ ಟ್ರೆಡ್‌ಮಿಲ್ ಓಟವೂ ಸುಧಾರಿಸಿದವೆಂದು 2009ರ ವರದಿ ಹೇಳುತ್ತದೆ. ಇದಕ್ಕೆ ವಿರುದ್ಧ ದಿಕ್ಕಿನ ಎಚ್ಚರಿಕೆಗಳೂ ಇವೆ. ಜೀನು ಇಲ್ಲದ ಇಲಿಗಳ ಇಡಿಎಲ್ ದಪ್ಪವಾಗಿದ್ದರೂ ಅದರ ಗರಿಷ್ಠ ಬಲ ಹೆಚ್ಚಿರಲಿಲ್ಲ, ಆದ್ದರಿಂದ ವಿಶಿಷ್ಟ ಬಲ ಕಡಿಮೆಯಾಗಿತ್ತು ಎಂದು 2007ರಲ್ಲಿ ಹೆಲ್ಗೆ ಆಮ್ಥರ್ ಮತ್ತು ಸಂಗಡಿಗರು ವರದಿ ಮಾಡಿದರು. ಮರುವರ್ಷ ಫಾಕ್ನರ್ ತಂಡವೇ ಇಂಥ ಇಲಿಗಳ ಸ್ನಾಯುರಜ್ಜುಗಳು ಸಣ್ಣವೂ ಪೆಡಸೂ ಆಗಿರುವುದನ್ನು ತೋರಿಸಿತು. ಜೀವನಪೂರ್ತಿ ಜೀನಿಲ್ಲದ ಪ್ರಾಣಿಯ ಈ ದೋಷಗಳನ್ನು ಕೆಲವು ವಾರಗಳ ಚಿಕಿತ್ಸೆಗೆ ನೇರವಾಗಿ ಅನ್ವಯಿಸುವುದು ಸರಿಯಾಗಲಾರದು; ಹಾಗೆಂದು ಕಡೆಗಣಿಸುವಂಥವೂ ಅಲ್ಲ.

2019ರ ಡಿಸೆಂಬರಿನಲ್ಲಿ ಲೀ ಮತ್ತು ಎಮಿಲಿ ಜರ್ಮೈನ್-ಲೀ 40 ಇಲಿಗಳನ್ನು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಕಳುಹಿಸಿದರು. ಸಾಮಾನ್ಯ ಇಲಿಗಳ ಸ್ನಾಯು ಅಲ್ಲಿ ಕರಗಿತು. ಮಯೋಸ್ಟ್ಯಾಟಿನ್ ಇಲ್ಲದವುಗಳದು ಬಹುಮಟ್ಟಿಗೆ ಉಳಿಯಿತು. ಇದು ಭಾರವಿಲ್ಲದೆ ಬರುವ ಕ್ಷಯ, ಮುಪ್ಪಿನದಲ್ಲ.

ಇಲಿಯಿಂದ ಮನುಷ್ಯನಿಗೆ

75 ದಾಟಿದ, ಆಗಾಗ ಬೀಳುವ ವೃದ್ಧರಲ್ಲಿ ನಡೆದ ಪ್ರತಿಕಾಯದ ಪ್ರಯೋಗದಲ್ಲಿ (2015) ಕೈಕಾಲುಗಳ ಕೊಬ್ಬುರಹಿತ ತೂಕ ಹೋಲಿಕೆಯ ಗುಂಪಿಗಿಂತ ಸುಮಾರು 0.4 ಕಿ.ಗ್ರಾಂ ಹೆಚ್ಚಿತು, ಮೆಟ್ಟಿಲು ಹತ್ತುವುದರಂಥ ಕೆಲವು ಅಳತೆಗಳು ಸುಧಾರಿಸಿದವು. ಮಯೋಸ್ಟ್ಯಾಟಿನ್ ಬಂದು ಕೂಡುವ ಗ್ರಾಹಕವನ್ನೇ ಮುಚ್ಚುವ ಬಿಮಾಗ್ರುಮ್ಯಾಬ್ ಔಷಧದ 2020ರ ವರದಿಯಲ್ಲಿ ಸಾರ್ಕೊಪೀನಿಯಾ ಇದ್ದವರ ಕೊಬ್ಬುರಹಿತ ತೂಕ ಆರು ತಿಂಗಳಲ್ಲಿ ಸುಮಾರು ಶೇ. 7ರಷ್ಟು ಏರಿತು. ಆದರೆ ನಡಿಗೆ, ಸಮತೋಲ, ಕುರ್ಚಿಯಿಂದೇಳುವಿಕೆಯ ಒಟ್ಟು ಅಂಕದಲ್ಲಿ ಹೋಲಿಕೆಯ ಗುಂಪಿನವರೂ ಅಷ್ಟೇ ಮುಂದೆ ಬಂದರು. ಎರಡೂ ಗುಂಪಿಗೆ ಪೌಷ್ಟಿಕ ಆಹಾರವೂ ಮನೆಯಲ್ಲೇ ಮಾಡುವ ವ್ಯಾಯಾಮವೂ ಇದ್ದವು.

ಇಲಿಗೂ ಮನುಷ್ಯನಿಗೂ ಇಷ್ಟು ಅಂತರವೇಕೆ ಎಂಬುದಕ್ಕೆ ಒಂದು ಭಾಗಶಃ ವಿವರಣೆ 2017ರಲ್ಲಿ ಬಂತು. ಮಂಗಗಳಲ್ಲಿ ಸ್ನಾಯುವಿನ ಗಾತ್ರವನ್ನು ನಿಯಂತ್ರಿಸುವುದರಲ್ಲಿ ಮಯೋಸ್ಟ್ಯಾಟಿನ್‌ಗಿಂತ ಅದರ ಸಂಬಂಧಿ ಆಕ್ಟಿವಿನ್-ಎ ಪ್ರೋಟೀನಿನ ಪಾತ್ರ ಹಿರಿದು ಎಂದು ಆ ಅಧ್ಯಯನ ತೋರಿಸಿತು. ಇಲಿಯ ಕಾಲಿನ ಸ್ನಾಯುಗಳಲ್ಲಿ ಹೇರಳವಾಗಿರುವ 2ಬಿ ಬಗೆಯ ಅತಿವೇಗದ ತಂತುಗಳು ಮನುಷ್ಯರ ಕೈಕಾಲುಗಳಲ್ಲಿ ಇಲ್ಲ ಎಂಬುದನ್ನೂ ಇದಕ್ಕೆ ಸೇರಿಸಬೇಕು. ಎಲ್ಲ ಸಂಬಂಧಿ ಪ್ರೋಟೀನುಗಳನ್ನೂ ಒಟ್ಟಿಗೆ ಹಿಡಿದುಹಾಕುವ ಮದ್ದುಗಳಿಗೂ ತೊಡಕಿದೆ: ಎಸಿಇ-031ರ ಪ್ರಯೋಗ ಮೂಗು, ವಸಡುಗಳ ರಕ್ತಸ್ರಾವದ ಕಾರಣ ನಿಂತುಹೋಯಿತು.

ಇತರ ಮಾರ್ಗಗಳು

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1998ರಲ್ಲಿ ಐಜಿಎಫ್-1 ಜೀನನ್ನು ವೈರಸ್ ಮೂಲಕ ಸೇರಿಸಿದಾಗ ಮುದಿ ಇಲಿಗಳ ಸ್ನಾಯುಬಲ ಶೇ. 27ರಷ್ಟು ಹೆಚ್ಚಿತ್ತು. ಜಿಡಿಎಫ್-11 ಪ್ರೋಟೀನು ಮುದಿ ಸ್ನಾಯುವನ್ನು ಚೇತರಿಸುತ್ತದೆಂಬ 2014ರ ಹಾರ್ವರ್ಡ್ ವರದಿಯನ್ನು ನೊವಾರ್ಟಿಸ್ ಸಂಶೋಧಕರು ಮರುವರ್ಷವೇ ಅಲ್ಲಗಳೆದರು. ಮೊದಲು ಬಳಸಿದ ಪರೀಕ್ಷೆ ಆ ಪ್ರೋಟೀನನ್ನು ಮಯೋಸ್ಟ್ಯಾಟಿನ್‌ನಿಂದ ಬೇರ್ಪಡಿಸಿ ಗುರುತಿಸುತ್ತಿರಲಿಲ್ಲ ಎಂಬುದು ಅವರ ವಾದ. 15-ಪಿಜಿಡಿಎಚ್ ಕಿಣ್ವವನ್ನು ಒಂದು ತಿಂಗಳು ತಡೆದು ಮುದಿ ಇಲಿಗಳ ಸ್ನಾಯುವನ್ನೂ ಬಲವನ್ನೂ ಹೆಚ್ಚಿಸಿದ ಸ್ಟ್ಯಾನ್‌ಫರ್ಡ್‌ನ ಹೆಲೆನ್ ಬ್ಲಾವ್ ತಂಡದ ವರದಿ 2021ರಲ್ಲಿ ಪ್ರಕಟವಾಯಿತು.