ಕಟ್ಟುವ ಕೈಯಿಂದ ಭೂಮಿಯ ಲೆಕ್ಕಕ್ಕೆ: ವಿಂಪಿ ಕಂಪನಿಯ ಬೆಳವಣಿಗೆ

ಬ್ರಿಟನ್ನಿನ ಗೃಹನಿರ್ಮಾಣ ಕಂಪನಿಗಳ ಚರಿತ್ರೆಯನ್ನು ಸಾಮಾನ್ಯವಾಗಿ ವರ್ಷಕ್ಕೆ ಎಷ್ಟು ಮನೆ ಕಟ್ಟಿದವು ಎಂಬ ಅಂಕಿಗಳಿಂದ ಅಳೆಯಲಾಗುತ್ತದೆ. ಇಂದು ಟೇಲರ್ ವಿಂಪಿ ಎನಿಸಿಕೊಂಡಿರುವ ಸಂಸ್ಥೆಗೆ ಈ ಅಳತೆಗೋಲು ಸಾಲದು. ಕಟ್ಟುವ ಕೌಶಲದಿಂದ ಹೆಸರು ಮಾಡಿದ ಈ ಕಂಪನಿ ಕಾಲಕ್ರಮದಲ್ಲಿ ಆ ಕೌಶಲದ ಬಹುಭಾಗವನ್ನು ಬಿಟ್ಟುಕೊಟ್ಟು, ಭೂಮಿಯನ್ನು ನೆಚ್ಚಿ ದೊಡ್ಡದಾಯಿತು ಎಂಬುದು ನನ್ನ ವಾದ.

1880ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಜಾರ್ಜ್ ವಿಂಪಿ ಆರಂಭಿಸಿದ್ದು ಕಲ್ಲುಕೆಲಸದ ಸಣ್ಣ ಉದ್ಯಮ. ಆತ 1913ರಲ್ಲಿ ತೀರಿಕೊಂಡ. ಮೊದಲ ಮಹಾಯುದ್ಧ ಮುಗಿದು ಮರಳಿದ ಗಾಡ್‌ಫ್ರೆ ಮಿಚೆಲ್ 1919ರಲ್ಲಿ ಅದನ್ನು 3,000 ಪೌಂಡಿಗೆ ಕೊಂಡು, ಹಳೆಯ ಹೆಸರನ್ನೇ ಉಳಿಸಿಕೊಂಡರು. ರಸ್ತೆ ಕಾಮಗಾರಿಯಿಂದ ಖಾಸಗಿ ಮನೆಗಳತ್ತ ಹೊರಳಿದ ಕಂಪನಿ 1934ರಲ್ಲಿ ಷೇರು ಪೇಟೆಗೆ ಬಂತು. ಎರಡನೆಯ ಯುದ್ಧದಲ್ಲಿ ವಿಮಾನ ನಿಲ್ದಾಣಗಳನ್ನು ಕಟ್ಟಿದ ಅನುಭವ ಅದಕ್ಕೆ ದೊಡ್ಡ ಕಾಮಗಾರಿಯನ್ನು ಅವಸರದಲ್ಲಿ ಮುಗಿಸುವುದನ್ನು ಕಲಿಸಿತು.

ಯುದ್ಧಾನಂತರ ಈ ಕಲಿಕೆ ಉಪಯೋಗಕ್ಕೆ ಬಂದ ಬಗೆ ವಿವರವಾಗಿ ನೋಡತಕ್ಕದ್ದು. ಬಾಂಬ್ ದಾಳಿಗೆ ಮನೆಗಳು ನೆಲಸಮವಾಗಿದ್ದವು. ಇಟ್ಟಿಗೆಗೂ ಕೊರತೆ, ಗಾರೆಯವರಿಗೂ ಕೊರತೆ. ವಿಂಪಿ ಆಗ ಹಿಡಿದದ್ದು ‘ನೋ-ಫೈನ್ಸ್’ ಕಾಂಕ್ರೀಟನ್ನು. ಇದರಲ್ಲಿ ಮರಳಿಲ್ಲ. ಒಂದೇ ಗಾತ್ರದ ಜಲ್ಲಿಗೆ ಸಿಮೆಂಟಿನ ತೆಳುಲೇಪ ಹತ್ತಿಸಿ, ಎತ್ತರದ ಶಟರಿಂಗ್ ಒಳಗೆ ಸುರಿದರೆ ಒಂದು ಅಂತಸ್ತಿನ ಗೋಡೆ ಒಮ್ಮೆಗೇ ಏಳುತ್ತದೆ. ಜಲ್ಲಿಯ ನಡುವೆ ಉಳಿಯುವ ಗಾಳಿಸಂದುಗಳಿಂದಾಗಿ ತೇವ ಒಳಕ್ಕೆ ಹೀರಿಕೊಳ್ಳುವುದಿಲ್ಲ; ಹೊರಗೆ ಗಟ್ಟಿ ಪ್ಲಾಸ್ಟರ್ ಮಾತ್ರ ಬೇಕೇಬೇಕು. ನುರಿತ ಮೇಸ್ತ್ರಿಗಳು ಹೆಚ್ಚಿಲ್ಲದೆಯೂ ಕೆಲಸ ಸಾಗುತ್ತಿತ್ತು. ಬ್ರಿಟನ್ನಿನಲ್ಲಿ ಈ ವಿಧಾನದಿಂದ ಎದ್ದ ಮನೆಗಳು ಸುಮಾರು 3 ಲಕ್ಷ, ಅವುಗಳಲ್ಲಿ ಹೆಚ್ಚಿನವು ವಿಂಪಿಯವು. ಗಿರಾಕಿಗಳು ಬಹುತೇಕ ಸ್ಥಳೀಯ ಕೌನ್ಸಿಲ್‌ಗಳು: ಜಾಗ ಅವರದು, ಹಣ ಸರ್ಕಾರದ್ದು, ಕಂಪನಿಯದು ದುಡಿಮೆ ಮತ್ತು ತಂತ್ರ. ಈ ಮನೆಗಳಲ್ಲಿ ಚಳಿ ಹೆಚ್ಚು, ಗೋಡೆಗೆ ಮೊಳೆ ಹೊಡೆಯುವುದೂ ಕಷ್ಟ ಎಂಬ ದೂರುಗಳಿದ್ದವು. ಆದರೂ ಕಂಪನಿಯ ಇಡೀ ಚರಿತ್ರೆಯಲ್ಲಿ ಇದೇ ಅತ್ಯಂತ ಗೌರವಾರ್ಹವಾದ ಅಧ್ಯಾಯವೆಂದು ನಾನು ನಂಬುತ್ತೇನೆ. ಸೂರಿಲ್ಲದ ಲಕ್ಷಾಂತರ ಜನರಿಗೆ ಅದು ಸೂರು ಕೊಟ್ಟಿತು.

ಖಾಸಗಿ ಮನೆಗಳ ವ್ಯವಹಾರದ ನಿಯಮವೇ ಬೇರೆ. 1947ರ ಪಟ್ಟಣ ಮತ್ತು ಗ್ರಾಮ ಯೋಜನಾ ಕಾಯ್ದೆಯ ಅನಂತರ ಜಮೀನಿದ್ದ ಮಾತ್ರಕ್ಕೆ ಮನೆ ಕಟ್ಟುವಂತಿಲ್ಲ, ಅನುಮತಿ ಬೇಕು. ಅನುಮತಿ ಸಿಕ್ಕ ದಿನವೇ ಹೊಲದ ಬೆಲೆ ಹಲವು ಪಟ್ಟು ಏರುತ್ತದೆ. ಆದ್ದರಿಂದ ದೊಡ್ಡ ಕಂಪನಿಗಳು ರೈತನಿಗೆ ಒಂದಿಷ್ಟು ಮುಂಗಡ ಕೊಟ್ಟು ಕರಾರು ಮಾಡಿಕೊಳ್ಳುತ್ತವೆ. ಅನುಮತಿ ಬಂದ ಮೇಲೆ ಮಾರುಕಟ್ಟೆ ದರಕ್ಕಿಂತ ಕಡಿಮೆಗೆ ಕೊಳ್ಳುತ್ತವೆ. ವರ್ಷಗಟ್ಟಲೆ ಕಾಯುವ ಬಂಡವಾಳ ಸಣ್ಣ ಬಿಲ್ಡರನಿಗೆ ಎಲ್ಲಿಂದ ಬರಬೇಕು? 1980ರ ದಶಕದಲ್ಲಿ ಕೌನ್ಸಿಲ್ ಮನೆಗಳ ನಿರ್ಮಾಣ ಕುಸಿದಾಗ ಉಳಿದದ್ದು ಈ ಮಾರುಕಟ್ಟೆಯೇ.

1996ರ ವಿನಿಮಯವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ವಿಂಪಿ ತನ್ನ ಗುತ್ತಿಗೆ ಕಾಮಗಾರಿ ಮತ್ತು ಕಲ್ಲುಗಣಿಗಳ ವಿಭಾಗಗಳನ್ನು ಟಾರ್ಮಾಕ್ ಕಂಪನಿಗೆ ಕೊಟ್ಟು, ಅದರ ಮೆಕ್‌ಲೀನ್ ಹೋಮ್ಸ್ ಅನ್ನು ಪಡೆಯಿತು. ಕಲ್ಲುಕೆಲಸದಿಂದ ಹುಟ್ಟಿದ ಸಂಸ್ಥೆ ಕಲ್ಲನ್ನೇ ಬಿಟ್ಟಿತು. 2001ರಲ್ಲಿ ಆಲ್ಫ್ರೆಡ್ ಮೆಕಾಲ್ಪೈನ್‌ನ ಮನೆ ವಿಭಾಗ, 2002ರಲ್ಲಿ ಲೇಂಗ್ ಹೋಮ್ಸ್ ಸೇರಿದವು. ಇಂಥ ಖರೀದಿಗಳಲ್ಲಿ ಕೈಗೆ ಬರುವುದು ಬ್ರಾಂಡಿಗಿಂತ ಹೆಚ್ಚಾಗಿ ಅನುಮತಿ ಪಡೆದ ನಿವೇಶನಗಳು. 2007ರಲ್ಲಿ, 1921ರಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ ಫ್ರಾಂಕ್ ಟೇಲರ್ ಆರಂಭಿಸಿದ್ದ ಟೇಲರ್ ವುಡ್ರೊ ಜೊತೆ ವಿಲೀನ ನಡೆಯಿತು. ಮರುವರ್ಷವೇ ಅದರ ನಿರ್ಮಾಣ ವಿಭಾಗವನ್ನೂ ಫ್ರಾನ್ಸಿನ ವಿನ್ಸಿಗೆ ಮಾರಲಾಯಿತು.

2008ರ ಆರ್ಥಿಕ ಕುಸಿತ ಈ ಬೆಳವಣಿಗೆಯ ಬುಡವನ್ನು ಬಯಲಿಗಿಟ್ಟಿತು. ಆ ವರ್ಷದ ನಷ್ಟ 200 ಕೋಟಿ ಪೌಂಡಿನ ಸಮೀಪ. ಕಟ್ಟಿದ ಮನೆಗಳೇನೂ ಬಿದ್ದಿರಲಿಲ್ಲ; ನಷ್ಟದ ಬಹುಪಾಲು, ಭೂಮಿಯ ಹಾಗೂ ವಿಲೀನಕ್ಕೆ ತೆತ್ತ ಹೆಚ್ಚುವರಿ ಬೆಲೆಯ ಮೌಲ್ಯವನ್ನು ಲೆಕ್ಕಪುಸ್ತಕದಲ್ಲಿ ಇಳಿಸಿದ್ದರಿಂದ ಬಂದದ್ದು.

ಕಂಪನಿಗಳು ಜಾಗ ಹಿಡಿದಿಟ್ಟದ್ದರಿಂದಲೇ ಮನೆಗಳ ಅಭಾವ ಎಂಬ ಜನಪ್ರಿಯ ಆರೋಪವನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ಬ್ರಿಟನ್ನಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ 2024ರ ವರದಿಯಲ್ಲಿ ಅದನ್ನು ಮೂಲ ಕಾರಣವೆಂದು ಕಾಣಲಿಲ್ಲ. ಯೋಜನಾ ವ್ಯವಸ್ಥೆಯ ಅನಿಶ್ಚಿತತೆಯ ಜೊತೆಗೆ, ಬೆಲೆ ಇಳಿಯದಷ್ಟು ವೇಗದಲ್ಲೇ ಮನೆಗಳನ್ನು ಮಾರಾಟಕ್ಕೆ ಬಿಡುವ ಖಾಸಗಿ ಪದ್ಧತಿಯನ್ನು ಅದು ಎತ್ತಿ ತೋರಿತು. ಕೌನ್ಸಿಲ್‌ಗಳಿಗಾಗಿ ಜಲ್ಲಿ-ಸಿಮೆಂಟ್ ಸುರಿಯುತ್ತಿದ್ದ ವಿಂಪಿಗೆ ಈ ಎರಡನೆಯ ಕಟ್ಟುಪಾಡು ಇರಲಿಲ್ಲ.